ಆಡುವವಳ ಸಂಬಳ

2017ರ ಜುಲೈ 23ರಿಂದ 29ರವರೆಗೆ ಏಷ್ಯಾದ ಮಹಿಳಾ ಬ್ಯಾಸ್ಕೆಟ್‌ಬಾಲ್ ಇಡಿಯಾಗಿ ಬೆಂಗಳೂರಿನಲ್ಲಿ ಬೀಡುಬಿಟ್ಟಿತ್ತು. ಶ್ರೀ ಕಂಠೀರವ ಒಳಾಂಗಣ ಕ್ರೀಡಾಂಗಣಕ್ಕೆ ಜಪಾನ್, ಚೀನಾ, ದಕ್ಷಿಣ ಕೊರಿಯಾ ತಂಡಗಳು ಬಂದವು. ಅದುವರೆಗೆ ಬೇರೆ ಖಂಡದ ಲೆಕ್ಕದಲ್ಲಿದ್ದ ಆಸ್ಟ್ರೇಲಿಯಾ ಮೊದಲ ಬಾರಿಗೆ ಏಷ್ಯಾ ಕಪ್ ಆಡಲು ಬಂತು. 'ಎ' ಡಿವಿಷನ್ ಫೈನಲ್‌ನಲ್ಲಿ ಜಪಾನ್ 74–73ರಿಂದ ಆಸ್ಟ್ರೇಲಿಯಾವನ್ನು ಮಣಿಸಿ ಸತತ ಮೂರನೇ ಬಾರಿಗೆ ಏಷ್ಯಾದ ಕಿರೀಟ ಗೆದ್ದಿತು. 'ಬಿ' ಡಿವಿಷನ್ ಫೈನಲ್‌ನಲ್ಲಿ ಭಾರತ 75–73ರಿಂದ ಕಜಕಸ್ತಾನವನ್ನು ಸೋಲಿಸಿ 'ಎ' ಡಿವಿಷನ್‌ಗೆ ಬಡ್ತಿ ಪಡೆಯಿತು. ಎರಡು ಫೈನಲ್‌ಗಳನ್ನು ಕೂಡಿಸಿದರೂ ಗೆದ್ದವರಿಗೂ ಸೋತವರಿಗೂ ಇದ್ದ ಅಂತರ ಮೂರೇ ಪಾಯಿಂಟ್.

ಆ ವಾರ ಆಡಿದ ಹೆಣ್ಣುಮಕ್ಕಳ ಬದುಕಿನ ನಡುವೆ ಇದ್ದ ಅಂತರ ಮಾತ್ರ ಅಷ್ಟು ಸಣ್ಣದಾಗಿರಲಿಲ್ಲ. ಟೂರ್ನಿಯ ಶ್ರೇಷ್ಠ ಆಟಗಾರ್ತಿ ಎನಿಸಿಕೊಂಡ ಆಸ್ಟ್ರೇಲಿಯಾದ ಕೆಲ್ಸಿ ಗ್ರಿಫಿನ್ ಅಮೆರಿಕದಲ್ಲಿ ಹುಟ್ಟಿ, ಅಲ್ಲಿನ ವೃತ್ತಿಪರ ಲೀಗ್‌ನಲ್ಲಿ ಆಡಿ ಬಂದವರು. ಜಪಾನಿನ ಆಟಗಾರ್ತಿಯರು ದೊಡ್ಡ ಕಂಪನಿಗಳ ತಂಡದವರು. ಕೊರಿಯಾದವರಲ್ಲಿ ಹಲವರು ಬ್ಯಾಂಕುಗಳ ತಂಡದವರು. ನಮ್ಮವರಲ್ಲಿ ಹೆಚ್ಚಿನವರು ರೈಲ್ವೆ ನೌಕರರು. ಒಂದಿಬ್ಬರು ವಿದ್ಯುತ್ ಮಂಡಳಿಯವರು. ಮಹಿಳಾ ಬ್ಯಾಸ್ಕೆಟ್‌ಬಾಲ್‌ನ ಚರಿತ್ರೆಯನ್ನು ಹೇಳುವವರು ತಾರೆಯರ ಹೆಸರಿನಿಂದ, ತುಂಬಿದ ಗ್ಯಾಲರಿಗಳಿಂದ ಶುರುಮಾಡುತ್ತಾರೆ. ಆ ಚರಿತ್ರೆಯನ್ನು ನಿಜವಾಗಿ ನಡೆಸಿದ್ದು ತಿಂಗಳ ಸಂಬಳ. ಜನ ನೋಡಲು ಬರುವುದಕ್ಕೆ ದಶಕಗಳ ಮೊದಲೇ ಆಡುವವಳ ಊಟ, ಬಾಡಿಗೆ, ಬೂಟಿನ ಖರ್ಚನ್ನು ಯಾರಾದರೂ ಹೊತ್ತಿರಬೇಕು. ಹೊತ್ತವರು ಯಾರು ಎಂಬುದರ ಮೇಲೆಯೇ ಒಂದೊಂದು ದೇಶದ ಆಟ ಒಂದೊಂದು ದಾರಿ ಹಿಡಿಯಿತು.

ಗೆರೆಯೊಳಗಿನ ಆಟ

1891ರ ಡಿಸೆಂಬರಿನಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನ ವೈಎಂಸಿಎ ತರಬೇತಿ ಶಾಲೆಯಲ್ಲಿ ಜೇಮ್ಸ್ ನೈಸ್ಮಿತ್ ಈ ಆಟವನ್ನು ರೂಪಿಸಿದರು. ಹೆಂಗಸರು ಅದನ್ನು ಕೈಗೆತ್ತಿಕೊಳ್ಳಲು ಬಹಳ ದಿನ ಹಿಡಿಯಲಿಲ್ಲ. ಹತ್ತಿರದ ಸ್ಮಿತ್ ಕಾಲೇಜಿನಲ್ಲಿ ವ್ಯಾಯಾಮ ಕಲಿಸುತ್ತಿದ್ದ ಸೆಂಡಾ ಬೆರೆನ್ಸನ್ 1893ರ ಮಾರ್ಚಿನಲ್ಲಿ ವಿದ್ಯಾರ್ಥಿನಿಯರ ನಡುವೆ ಪಂದ್ಯ ಏರ್ಪಡಿಸಿದರು. ಗಂಡಸರಿಗೆ ಪ್ರವೇಶವಿರಲಿಲ್ಲ. ಅಂಕಣವನ್ನು ಮೂರು ಭಾಗ ಮಾಡಿ, ಒಬ್ಬೊಬ್ಬರೂ ತಮ್ಮ ಭಾಗದ ಗೆರೆ ದಾಟದಂತೆ ನಿಯಮ ಮಾಡಿದ್ದರು. ಹೆಣ್ಣಿನ ದೇಹ ಹೆಚ್ಚು ಓಟ ತಾಳದು ಎಂಬ ಅಂದಿನ ನಂಬಿಕೆ ಆ ಗೆರೆಗಳಲ್ಲಿತ್ತು.

ಆ ಗೆರೆ ಬಹುಕಾಲ ಉಳಿಯಿತು. ಜೋಳದ ಹೊಲಗಳ ನಾಡಾದ ಅಯೋವಾ ರಾಜ್ಯದ ಶಾಲೆಗಳಲ್ಲಿ ಹುಡುಗಿಯರು ತಂಡಕ್ಕೆ ಆರು ಜನರಂತೆ ಆಡುತ್ತಿದ್ದರು. ಮೂವರು ದಾಳಿಗೆ, ಮೂವರು ರಕ್ಷಣೆಗೆ. ಯಾರೂ ಅರ್ಧ ಅಂಕಣದ ಗೆರೆ ದಾಟುವಂತಿಲ್ಲ, ಎರಡಕ್ಕಿಂತ ಹೆಚ್ಚು ಸಲ ಚೆಂಡು ಪುಟಿಸುವಂತಿಲ್ಲ. ಇಷ್ಟು ಕಟ್ಟುಪಾಡಿದ್ದರೂ ಅಲ್ಲಿನ ಸಣ್ಣ ಊರುಗಳು ಈ ಆಟವನ್ನು ಎದೆಗೆ ಹಚ್ಚಿಕೊಂಡವು. 1920ರಲ್ಲಿ ಶುರುವಾದ ಹುಡುಗಿಯರ ರಾಜ್ಯ ಟೂರ್ನಿಗೆ ಊರಿಗೆ ಊರೇ ಹೊರಡುತ್ತಿತ್ತು. ಹೆಣ್ಣುಮಕ್ಕಳ ಆಟಕ್ಕೆ ಜನ ಬರುವುದಿಲ್ಲ ಎಂಬ ಮಾತು ಸುಳ್ಳೆಂದು ಅಯೋವಾದ ಹಳ್ಳಿಗಳು ಎಂದೋ ತೋರಿಸಿದ್ದವು. ಆದರೆ ಶಾಲೆ ಮುಗಿದ ಮೇಲೆ ಆ ಹುಡುಗಿಯರಿಗೆ ಮುಂದೆ ದಾರಿ ಇರಲಿಲ್ಲ. ಆರು ಜನರ ಆಟ 1993ರಲ್ಲಿ ನಿಂತಿತು.

ಅಷ್ಟರೊಳಗೆ ಎರಡು ದೊಡ್ಡ ಬದಲಾವಣೆಗಳಾಗಿದ್ದವು. ಸರ್ಕಾರದ ಹಣ ಪಡೆಯುವ ಶಾಲೆ, ಕಾಲೇಜುಗಳಲ್ಲಿ ಲಿಂಗ ತಾರತಮ್ಯ ಕೂಡದೆಂದು 1972ರಲ್ಲಿ ಅಮೆರಿಕ ಕಾನೂನು ಮಾಡಿತು. ಹುಡುಗಿಯರಿಗೂ ಆಟದ ವಿದ್ಯಾರ್ಥಿವೇತನ ಸಿಗತೊಡಗಿತು. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಮಹಿಳಾ ಬ್ಯಾಸ್ಕೆಟ್‌ಬಾಲ್ ಸೇರಿತು. ಸೋವಿಯತ್ ಒಕ್ಕೂಟ ಚಿನ್ನ ಗೆದ್ದರೆ ಅಮೆರಿಕಕ್ಕೆ ಬೆಳ್ಳಿ ಬಂತು.

ಬೌನ್ಸ್ ಆದ ಚೆಕ್ಕುಗಳು, ತುಂಬಿದ ಗ್ಯಾಲರಿಗಳು

1978ರ ಡಿಸೆಂಬರಿನಲ್ಲಿ ಅಮೆರಿಕದ ಮೊದಲ ವೃತ್ತಿಪರ ಮಹಿಳಾ ಲೀಗ್ ಆರಂಭವಾಯಿತು. ಮೂರೇ ಋತುಗಳಲ್ಲಿ ಅದರ ಕತೆ ಮುಗಿಯಿತು. ಮಾಲೀಕರ ಚೆಕ್ಕುಗಳು ಬೌನ್ಸ್ ಆಗುತ್ತಿದ್ದವು. 1981ರಲ್ಲಿ ಮಿನೆಸೋಟಾ ಫಿಲೀಸ್ ತಂಡದವರು ಸಂಬಳ ಬಂದಿಲ್ಲವೆಂದು ಪಂದ್ಯಕ್ಕೆ ಮೊದಲೇ ಅಂಕಣ ಬಿಟ್ಟು ಹೊರನಡೆದರು. ಹದಿನೈದು ವರ್ಷಗಳ ನಂತರ ಅಟ್ಲಾಂಟಾ ಒಲಿಂಪಿಕ್ಸ್ ಚಿನ್ನದ ಹುಮ್ಮಸ್ಸಿನಲ್ಲಿ ಎರಡು ಲೀಗ್‌ಗಳು ಹುಟ್ಟಿದವು. ಅವುಗಳಲ್ಲಿ ಒಂದು 1998ರ ಡಿಸೆಂಬರಿನಲ್ಲಿ, ಋತುವಿನ ನಡುವೆಯೇ ಬಾಗಿಲು ಹಾಕಿತು. ಪುರುಷರ ಎನ್‌ಬಿಎ ಬೆನ್ನಿಗೆ ನಿಂತಿದ್ದ ಡಬ್ಲ್ಯುಎನ್‌ಬಿಎ ಉಳಿದುಕೊಂಡಿತು. ಅದರ ಮೊದಲ ಪಂದ್ಯ ನಡೆದದ್ದು 1997ರ ಜೂನ್ 21ರಂದು, ಲಾಸ್ ಏಂಜಲೀಸ್‌ನಲ್ಲಿ. ನ್ಯೂಯಾರ್ಕ್ ಲಿಬರ್ಟಿ 67–57ರಿಂದ ಗೆದ್ದ ಆ ಪಂದ್ಯ ನೋಡಲು 14,284 ಜನ ಬಂದಿದ್ದರು.

ಲೀಗ್ ಉಳಿದರೂ ತಂಡಗಳೆಲ್ಲ ಉಳಿಯಲಿಲ್ಲ. ಮೊದಲ ನಾಲ್ಕು ಪ್ರಶಸ್ತಿಗಳನ್ನೂ ಗೆದ್ದ ಹ್ಯೂಸ್ಟನ್ ಕಾಮೆಟ್ಸ್ ಕೊಳ್ಳುವವರಿಲ್ಲದೆ 2008ರಲ್ಲಿ ಮುಚ್ಚಿತು. ಆಟಗಾರ್ತಿಯರು ಬೇಸಿಗೆಯಲ್ಲಿ ತಾಯ್ನಾಡಿನಲ್ಲಿ ಆಡಿ, ಚಳಿಗಾಲದಲ್ಲಿ ರಷ್ಯಾ, ಟರ್ಕಿ, ಚೀನಾಕ್ಕೆ ದುಡಿಯಲು ಹೋಗುತ್ತಿದ್ದರು. ಅಲ್ಲಿ ಸಿಗುತ್ತಿದ್ದ ಹಣ ಊರಿನ ಸಂಬಳಕ್ಕಿಂತ ಹಲವು ಪಟ್ಟು ಹೆಚ್ಚು. ರಷ್ಯಾದ ಯೆಕಟೆರಿನ್‌ಬರ್ಗ್ ಕ್ಲಬ್ ಡಯಾನಾ ಟೌರಾಸಿ ಅವರಿಗೆ ವಿಶ್ರಾಂತಿ ಪಡೆಯಲೆಂದೇ ದುಡ್ಡು ಕೊಟ್ಟಿತು. 2015ರಲ್ಲಿ ಅವರು ಅಮೆರಿಕದ ಋತುವನ್ನೇ ಬಿಟ್ಟರು. ಅದೇ ಕ್ಲಬ್‌ಗೆ ಆಡಲು ಹೋದ ಬ್ರಿಟ್ನಿ ಗ್ರೈನರ್ 2022ರ ಫೆಬ್ರುವರಿಯಲ್ಲಿ ಮಾಸ್ಕೊ ವಿಮಾನ ನಿಲ್ದಾಣದಲ್ಲಿ ಬಂಧನಕ್ಕೊಳಗಾಗಿ, ಡಿಸೆಂಬರ್ 8ರಂದು ಕೈದಿಗಳ ವಿನಿಮಯದಲ್ಲಿ ಬಿಡುಗಡೆಯಾದರು. ಜಗತ್ತಿನ ಅತ್ಯುತ್ತಮ ಆಟಗಾರ್ತಿಯೊಬ್ಬರು ವರಮಾನಕ್ಕಾಗಿ ಪರದೇಶಕ್ಕೆ ಹೋಗಬೇಕಾದ ಸ್ಥಿತಿ ಆಗ ಎಲ್ಲರ ಕಣ್ಣಿಗೂ ಬಿತ್ತು.

ಆಮೇಲೆ ಬಂದದ್ದು ಪ್ರವಾಹ. ಅಯೋವಾದಲ್ಲೇ ಹುಟ್ಟಿ ಬೆಳೆದ ಕೇಟ್ಲಿನ್ ಕ್ಲಾರ್ಕ್ ಅಲ್ಲಿನ ವಿಶ್ವವಿದ್ಯಾಲಯಕ್ಕೆ ಆಡುತ್ತಿದ್ದಾಗ, 2023ರ ಅಕ್ಟೋಬರ್ 15ರಂದು ಫುಟ್‌ಬಾಲ್ ಮೈದಾನದಲ್ಲಿ ಹಾಕಿದ ಅಂಕಣದ ಸುತ್ತ 55,646 ಜನ ಸೇರಿದರು. ಮರುವರ್ಷದ ಏಪ್ರಿಲ್‌ನ ಕಾಲೇಜು ಫೈನಲ್‌ನಲ್ಲಿ ಅಯೋವಾ 75–87ರಿಂದ ಸೌತ್ ಕರೋಲಿನಾಗೆ ಸೋತಿತು. ಆ ಪಂದ್ಯವನ್ನು ಟಿ.ವಿ.ಯಲ್ಲಿ ಸರಾಸರಿ 1.89 ಕೋಟಿ ಜನ ನೋಡಿದರು. ಪುರುಷರ ಫೈನಲ್ ನೋಡಿದವರು 1.48 ಕೋಟಿ. ಕ್ಲಾರ್ಕ್ ಸೇರಿದ ಇಂಡಿಯಾನಾ ಫೀವರ್ ತಂಡದ ತವರಿನ ಪಂದ್ಯಗಳಿಗೆ ಹಿಂದಿನ ವರ್ಷ ಸರಾಸರಿ ನಾಲ್ಕು ಸಾವಿರದ ಆಸುಪಾಸು ಜನ ಬರುತ್ತಿದ್ದರು. 2024ರಲ್ಲಿ ಅದು ಹದಿನೇಳು ಸಾವಿರ ದಾಟಿತು. ಅದೇ ವರ್ಷ ಪ್ರಸಾರ ಹಕ್ಕು ಹನ್ನೊಂದು ವರ್ಷಕ್ಕೆ 220 ಕೋಟಿ ಡಾಲರ್‌ಗೆ ಮಾರಾಟವಾಯಿತು.

ಇಷ್ಟಾದರೂ ಮೊದಲ ಋತುವಿನಲ್ಲಿ ಲೀಗ್ ಕ್ಲಾರ್ಕ್ ಅವರಿಗೆ ಕೊಟ್ಟ ಸಂಬಳ 76,535 ಡಾಲರ್. 2025ರ ಜುಲೈನಲ್ಲಿ ಆಲ್‌ಸ್ಟಾರ್ ಪಂದ್ಯಕ್ಕೆ ಮೊದಲು ಆಟಗಾರ್ತಿಯರೆಲ್ಲ ನಮಗೆ ಸಲ್ಲಬೇಕಾದ್ದನ್ನು ಕೊಡಿ ಎಂಬ ಬರಹದ ಅಂಗಿ ತೊಟ್ಟು ಅಂಕಣಕ್ಕಿಳಿದರು. 1981ರಲ್ಲಿ ಹೊರನಡೆದವರು ಕೇಳಿದ್ದೂ ಅದನ್ನೇ. ಆಗ ಲೀಗ್‌ನ ಗಲ್ಲಾ ಖಾಲಿಯಿತ್ತು, ಈಗ ತುಂಬಿದೆ. ಆದ್ದರಿಂದ ಈಗ ಕೇಳುವವರ ಮಾತಿಗೆ ತೂಕ ಬಂದಿದೆ.

ಕಂಪನಿಯ ಹೆಸರಿನ ಜೆರ್ಸಿ

ಏಷ್ಯಾ ಹಿಡಿದದ್ದು ಬೇರೆ ದಾರಿ. ಜಪಾನಿನ ಮಹಿಳಾ ಲೀಗ್‌ನ ತಂಡಗಳ ಹೆಸರುಗಳನ್ನು ಓದುತ್ತಾ ಹೋದರೆ ಅದು ಕೈಗಾರಿಕೆಗಳ ಪಟ್ಟಿಯಂತೆಯೇ ಇದೆ: ತೈಲ ಕಂಪನಿಯ ಎನಿಯೋಸ್ ಸನ್‌ಫ್ಲವರ್ಸ್, ಫುಜಿತ್ಸು ರೆಡ್ ವೇವ್, ಟೊಯೊಟಾ ಆಂಟಿಲೋಪ್ಸ್, ಡೆನ್ಸೊ ಐರಿಸ್, ಸೌಂದರ್ಯವರ್ಧಕಗಳ ಶಾನ್ಸನ್. ಕಾರ್ಖಾನೆ, ಕಚೇರಿಗಳ ನೌಕರರ ಆಟವಾಗಿ ಬೆಳೆದ ಪದ್ಧತಿ ಇದು. ಟಿಕೆಟ್ ಮಾರಾಟವಾಗಲಿ ಬಿಡಲಿ, ಆಟಗಾರ್ತಿಗೆ ತಿಂಗಳ ಕೊನೆಗೆ ಸಂಬಳ ಸಿಗುತ್ತದೆ. ಅಭ್ಯಾಸಕ್ಕೆ ಜಿಮ್, ತರಬೇತುದಾರ, ವೈದ್ಯರು, ವಸತಿ ಎಲ್ಲವೂ ಕಂಪನಿಯದೇ. ಎನಿಯೋಸ್ 2008–09ರಿಂದ 2018–19ರವರೆಗೆ ಸತತ ಹನ್ನೊಂದು ಬಾರಿ ಲೀಗ್ ಗೆದ್ದಿತು. ದಕ್ಷಿಣ ಕೊರಿಯಾದಲ್ಲಿ 1998ರಲ್ಲಿ ಆರಂಭವಾದ ಮಹಿಳಾ ಲೀಗ್‌ನಲ್ಲಿ ವೂರಿ ಬ್ಯಾಂಕ್, ಶಿನ್ಹಾನ್ ಬ್ಯಾಂಕ್, ಕೆಬಿ, ಸ್ಯಾಮ್‌ಸಂಗ್ ಲೈಫ್ ಮುಂತಾದ ಬ್ಯಾಂಕು, ವಿಮಾ ಸಂಸ್ಥೆಗಳದ್ದೇ ತಂಡಗಳು.

ಈ ನಿಶ್ಚಿಂತೆಯ ಫಲ ಕಾಣಲು ಕಾಲ ಹಿಡಿಯಿತು. 1970ರಲ್ಲಿ ಏಷ್ಯಾ ಪ್ರಶಸ್ತಿ ಗೆದ್ದ ಜಪಾನ್ ಮತ್ತೆ ಗೆದ್ದದ್ದು 2013ರಲ್ಲಿ. ಅಲ್ಲಿಂದ 2021ರವರೆಗೆ ಸತತ ಐದು ಬಾರಿ ಗೆದ್ದಿತು. ಬೆಂಗಳೂರಿನಲ್ಲಿ 2017 ಮತ್ತು 2019ರಲ್ಲಿ ನಡೆದ ಎರಡು ಕಪ್‌ಗಳೂ ಅದರಲ್ಲಿ ಸೇರಿವೆ. 2021ರ ಆಗಸ್ಟ್ 8ರಂದು ಟೋಕಿಯೊ ಒಲಿಂಪಿಕ್ಸ್ ಫೈನಲ್‌ನಲ್ಲಿ 75–90ರಿಂದ ಅಮೆರಿಕಕ್ಕೆ ಸೋತು ಬೆಳ್ಳಿ ಪಡೆಯಿತು. ಅದಕ್ಕೆ ಮೊದಲು ಫ್ರಾನ್ಸ್ ವಿರುದ್ಧದ ಸೆಮಿಫೈನಲ್‌ನಲ್ಲಿ 162 ಸೆಂ.ಮೀ. ಎತ್ತರದ ರುಯಿ ಮಚಿಡಾ 18 ಅಸಿಸ್ಟ್‌ಗಳ ಒಲಿಂಪಿಕ್ ದಾಖಲೆ ಬರೆದರು. ಎತ್ತರ ಇಲ್ಲದವರಿಗೆ ಈ ಆಟ ಅಲ್ಲ ಎನ್ನುವ ನಮ್ಮ ಶಾಲೆಗಳ ಮಾತಿಗೆ ಆ ಒಂದು ಪಂದ್ಯ ಸಾಕಾದಷ್ಟು ಉತ್ತರ. ಆದರೆ ಆ ಪಾಸ್‌ಗಳ ಹಿಂದೆ ಹೊಟ್ಟೆಪಾಡಿನ ಚಿಂತೆಯಿಲ್ಲದೆ ವರ್ಷಗಟ್ಟಲೆ ಮಾಡಿದ ದಿನನಿತ್ಯದ ಅಭ್ಯಾಸವಿದೆ.

ರೈಲ್ವೆಯ ಹೆಣ್ಣುಮಕ್ಕಳು

ನಮ್ಮಲ್ಲಿ ಆ ಭಾರ ಹೊತ್ತದ್ದು ರೈಲ್ವೆ. 1928ರಲ್ಲಿ ಸ್ಥಾಪನೆಯಾದ ರೈಲ್ವೆ ಕ್ರೀಡಾ ಮಂಡಳಿ ಆಟಗಾರರಿಗೆ ಕ್ರೀಡಾ ಕೋಟಾದಲ್ಲಿ ಕೆಲಸ ಕೊಡುತ್ತಾ ಬಂದಿದೆ. ಬೇರೆ ಬೇರೆ ವಲಯಗಳಲ್ಲಿ ನೇಮಕವಾದವರು ರಾಷ್ಟ್ರೀಯ ಚಾಂಪಿಯನ್‌ಷಿಪ್‌ನಲ್ಲಿ ಒಂದೇ 'ಭಾರತೀಯ ರೈಲ್ವೆ' ತಂಡವಾಗಿ ಇಳಿಯುತ್ತಾರೆ. ರಾಜ್ಯಗಳ ಅತ್ಯುತ್ತಮ ಆಟಗಾರ್ತಿಯರು ಕೆಲಸ ಸಿಕ್ಕೊಡನೆ ಅಲ್ಲಿಗೆ ಸೇರುವುದರಿಂದ ಮಹಿಳಾ ವಿಭಾಗದಲ್ಲಿ ರೈಲ್ವೆಯನ್ನು ಸೋಲಿಸುವುದೇ ಒಂದು ಸುದ್ದಿ. ಕೇರಳದಲ್ಲಿ ರಾಜ್ಯ ವಿದ್ಯುತ್ ಮಂಡಳಿ, ದೆಹಲಿಯಲ್ಲಿ ಸರ್ಕಾರಿ ದೂರವಾಣಿ ಸಂಸ್ಥೆ ಎಂಟಿಎನ್‌ಎಲ್ ಇದೇ ಕೆಲಸ ಮಾಡಿದವು. ವಯನಾಡಿನ ಪಿ.ಎಸ್. ಜೀನಾ ವಿದ್ಯುತ್ ಮಂಡಳಿಯ ಆಟಗಾರ್ತಿಯಾಗಿದ್ದುಕೊಂಡೇ ಭಾರತ ತಂಡದ ನಾಯಕಿಯಾದರು, ಆಸ್ಟ್ರೇಲಿಯಾದ ರಿಂಗ್‌ವುಡ್ ಹಾಕ್ಸ್ ಕ್ಲಬ್‌ಗೂ ಆಡಿ ಬಂದರು.

ಆ ಕ್ಲಬ್‌ಗೆ ಅವರಿಗಿಂತ ಮೊದಲೇ ಹೋದವರು ದಕ್ಷಿಣ ರೈಲ್ವೆಯ ಗೀತು ಅನ್ನಾ ಜೋಸ್. ಕೇರಳದ ಕೊಟ್ಟಾಯಂ ಜಿಲ್ಲೆಯವರಾದ ಗೀತು 2011ರಲ್ಲಿ ಅಮೆರಿಕದ ಷಿಕಾಗೊ, ಲಾಸ್ ಏಂಜಲೀಸ್, ಸ್ಯಾನ್ ಆಂಟೋನಿಯೊ ತಂಡಗಳ ಆಯ್ಕೆ ಪರೀಕ್ಷೆಗೆ ಕರೆ ಪಡೆದರು. ಡಬ್ಲ್ಯುಎನ್‌ಬಿಎ ಬಾಗಿಲವರೆಗೆ ಹೋದ ಮೊದಲ ಭಾರತೀಯ ಆಟಗಾರ್ತಿಯಾದರು. ಒಪ್ಪಂದ ಸಿಗಲಿಲ್ಲ. ಅಲ್ಲಿನ ಹುಡುಗಿಯರು ಕಾಲೇಜಿನಲ್ಲೇ ನೂರಾರು ಬಿಗಿ ಪಂದ್ಯಗಳನ್ನು ಆಡಿ ಬಂದವರು. ಇಲ್ಲಿ ವರ್ಷಕ್ಕೆ ಬೆರಳೆಣಿಕೆಯ ಟೂರ್ನಿಗಳು. ಅಂಥದ್ದರಲ್ಲೂ 2013ರ ಏಷ್ಯನ್ ಚಾಂಪಿಯನ್‌ಷಿಪ್‌ನಲ್ಲಿ ಭಾರತ ಐದನೇ ಸ್ಥಾನಕ್ಕೇರಿತು. ದಕ್ಷಿಣ ರೈಲ್ವೆಯವರೇ ಆದ ಚೆನ್ನೈನ ಅನಿತಾ ಪಾಲ್‌ದೊರೈ ಹದಿನೆಂಟು ವರ್ಷ ಭಾರತಕ್ಕೆ ಆಡಿದರು. ತಾಯಿಯಾದ ನಂತರವೂ ಮರಳಿ ಅಂಕಣಕ್ಕಿಳಿದ ಅವರು 2017ರ ಬೆಂಗಳೂರಿನ ಗೆಲುವಿನಲ್ಲೂ ಇದ್ದರು. 2021ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಅದಕ್ಕೂ ಎರಡು ವರ್ಷ ಮೊದಲು ವಾರಾಣಸಿಯ ಪ್ರಶಾಂತಿ ಸಿಂಗ್ ಆ ಗೌರವ ಪಡೆದಿದ್ದರು. ಹದಿನೆಂಟು ವರ್ಷ ಆಡುವುದೆಂದರೆ ಹದಿನೆಂಟು ವರ್ಷ ಮನೆ ನಡೆಯಬೇಕು. ಹೆರಿಗೆ ರಜೆ, ಭವಿಷ್ಯನಿಧಿ, ಗಾಯವಾದರೆ ರೈಲ್ವೆ ಆಸ್ಪತ್ರೆ ಇದ್ದುದರಿಂದಲೇ ಅದು ಸಾಧ್ಯವಾಯಿತು.

ಕರ್ನಾಟಕದಲ್ಲಿ ಈ ಸರಪಳಿಯ ಮೊದಲ ಕೊಂಡಿ ಕ್ರೀಡಾ ವಸತಿ ನಿಲಯ. ಯುವಜನ ಸೇವೆ ಮತ್ತು ಕ್ರೀಡಾ ಇಲಾಖೆ ಹೈಸ್ಕೂಲು ವಯಸ್ಸಿನಲ್ಲೇ ಮಕ್ಕಳನ್ನು ಆರಿಸಿ ಊಟ, ವಸತಿ, ತರಬೇತಿ ಕೊಡುತ್ತದೆ. ಪತ್ರಿಕೆಗಳ ಕ್ರೀಡಾ ಪುಟದಲ್ಲಿ ಕಾಣುವ ಡಿವೈಇಎಸ್ ತಂಡಗಳು ಇವರದ್ದೇ. ಬೆಂಗಳೂರು ವಿದ್ಯಾನಗರ, ಮೈಸೂರಿನ ನಿಲಯಗಳಲ್ಲಿ ಬೆಳೆದ ಹುಡುಗಿಯರು ಮುಂದೆ ರಾಜ್ಯ ತಂಡಕ್ಕೆ ಬರುತ್ತಾರೆ. ಎಚ್.ಎಂ. ಬಾಂಧವ್ಯ, ಪಿ.ಯು. ನವನೀತಾ ಅವರಂಥ ಕರ್ನಾಟಕದ ಆಟಗಾರ್ತಿಯರು ಭಾರತದ ಜೆರ್ಸಿಯನ್ನೂ ತೊಟ್ಟರು. ಬೆಂಗಳೂರಿನ ಸಂಜನಾ ರಮೇಶ್ ವಿದ್ಯಾರ್ಥಿವೇತನ ಪಡೆದು ಅಮೆರಿಕದ ನಾರ್ದರ್ನ್ ಆರಿಜೋನಾ ವಿಶ್ವವಿದ್ಯಾಲಯಕ್ಕೆ ಆಡಿದರು. ನೆರೆಯ ಮಹಾರಾಷ್ಟ್ರದಲ್ಲೂ ಇದೇ ಕತೆ: ಪುಣೆಯ ಶಿರೀನ್ ಲಿಮಯೆ ಬೆಂಗಳೂರಿನಲ್ಲಿ ಗೆದ್ದ ಭಾರತ ತಂಡದ ಮುಖ್ಯ ಆಟಗಾರ್ತಿ, ಮುಂದೆ ನಾಯಕಿ. ಅವರದ್ದೂ ರೈಲ್ವೆ ನೌಕರಿ.

ಕುರಕುಂಭದಲ್ಲಿ ಎರಡು ದಾರಿ

ಲಿಮಯೆ ಅವರ ಪುಣೆ ಜಿಲ್ಲೆಯಲ್ಲೇ, ನಗರದಿಂದ ಸುಮಾರು 80 ಕಿ.ಮೀ. ದೂರದಲ್ಲಿ, ಸೋಲಾಪುರ ಹೆದ್ದಾರಿಯ ಮೇಲೆ ಕುರಕುಂಭ ಇದೆ. ದೌಂಡ್ ತಾಲ್ಲೂಕಿನ ಈ ಊರು ಇಂದು ಹೆಸರಾಗಿರುವುದು ಎಂಐಡಿಸಿ ಕೈಗಾರಿಕಾ ಪ್ರದೇಶಕ್ಕೆ, ಅಲ್ಲಿನ ರಾಸಾಯನಿಕ ಮತ್ತು ಔಷಧ ಕಾರ್ಖಾನೆಗಳಿಗೆ. ಪಕ್ಕದ ದೌಂಡ್ ದೊಡ್ಡ ರೈಲ್ವೆ ಜಂಕ್ಷನ್. ಬೆಂಗಳೂರಿನಿಂದ ಮುಂಬೈಗೆ ಹೋಗುವ ಉದ್ಯಾನ್ ಎಕ್ಸ್‌ಪ್ರೆಸ್ ರಾಯಚೂರು, ವಾಡಿ, ಕಲಬುರಗಿ, ಸೋಲಾಪುರ ದಾಟಿ ಇದೇ ದಾರಿಯಲ್ಲಿ ಪುಣೆ ಸೇರುತ್ತದೆ. ಕಲಬುರಗಿ ಕಡೆಯಿಂದ, ಸೋಲಾಪುರ, ಅಕ್ಕಲಕೋಟೆಯ ಕನ್ನಡದ ಮನೆಗಳಿಂದ ಪುಣೆಯ ಸೀಮೆಗೆ ದುಡಿಯಲು ಹೋಗುವವರು ಹಿಡಿಯುವುದೂ ಇದೇ ಹಳಿಯನ್ನು.

ಮಹಿಳಾ ಬ್ಯಾಸ್ಕೆಟ್‌ಬಾಲ್ ಬದುಕಿದ ಎರಡು ಬಗೆಗಳೂ ಇಲ್ಲಿ ಅಕ್ಕಪಕ್ಕದಲ್ಲಿವೆ. ಒಂದು ಕಡೆ ಭಾರತದ ಆಟಗಾರ್ತಿಯನ್ನು ಸಾಕಿದ ರೈಲ್ವೆ. ಇನ್ನೊಂದು ಕಡೆ, ಜಪಾನಿನಲ್ಲಾದರೆ ತಂಡ ಕಟ್ಟಬಹುದಾಗಿದ್ದ ಕಾರ್ಖಾನೆಗಳ ಸಾಲು. ನಮ್ಮ ಕಂಪನಿ ಕಾಯ್ದೆ 2013ರ 135ನೇ ಸೆಕ್ಷನ್ ಪ್ರಕಾರ ದೊಡ್ಡ ಕಂಪನಿಗಳು ಸರಾಸರಿ ನಿವ್ವಳ ಲಾಭದ ಕನಿಷ್ಠ ಶೇ 2ರಷ್ಟನ್ನು ಸಾಮಾಜಿಕ ಹೊಣೆಗಾರಿಕೆಗೆ ಖರ್ಚುಮಾಡಬೇಕು. ಗ್ರಾಮೀಣ ಮತ್ತು ಒಲಿಂಪಿಕ್ ಕ್ರೀಡೆಗಳ ತರಬೇತಿಗೂ ಆ ಹಣ ಬಳಸಲು ಅವಕಾಶವಿದೆ. ಅದರಿಂದ ಹಳ್ಳಿ ಶಾಲೆಗೊಂದು ಅಂಕಣ ಬರಬಹುದು, ಬೇಸಿಗೆ ಶಿಬಿರ ನಡೆಯಬಹುದು. ಆದರೆ ಶಿಬಿರದಲ್ಲಿ ಕಲಿತ ಹದಿನಾಲ್ಕರ ಹುಡುಗಿ ಇಪ್ಪತ್ತೆರಡಕ್ಕೆ ಬಂದಾಗ ಅವಳಿಗೆ ಬೇಕಾಗುವುದು ನೌಕರಿ. ಬೂಟು ಕೊಡಿಸುವ ಉದ್ಯಮಕ್ಕೂ ಹಾಜರಿ ಪುಸ್ತಕದಲ್ಲಿ ಹೆಸರು ಬರೆದುಕೊಳ್ಳುವ ಉದ್ಯಮಕ್ಕೂ ಇರುವ ವ್ಯತ್ಯಾಸವೇ ಭಾರತಕ್ಕೂ ಜಪಾನಿಗೂ ಇರುವ ವ್ಯತ್ಯಾಸ.

ಗೆಲುವಿನ ನಂತರ

2019ರ ಸೆಪ್ಟೆಂಬರಿನಲ್ಲಿ ಏಷ್ಯಾ ಕಪ್ ಮತ್ತೆ ಬೆಂಗಳೂರಿಗೇ ಬಂತು. 'ಎ' ಡಿವಿಷನ್‌ಗೆ ಏರಿದ್ದ ಭಾರತ ಜಪಾನಿಗೆ 27–103ರಿಂದ ಸೋತು, ಕೊನೆಗೆ ಎಂಟನೇ ಸ್ಥಾನಕ್ಕಿಳಿಯಿತು. 2021ರಲ್ಲಿ ಅಮ್ಮಾನ್‌ನಲ್ಲೂ ಎಂಟನೇ ಸ್ಥಾನವೇ; 'ಬಿ' ಡಿವಿಷನ್‌ಗೆ ಹಿಂಬಡ್ತಿ. ಈ ಸೋಲಿನಲ್ಲಿ ಆಟಗಾರ್ತಿಯರ ತಪ್ಪು ಹುಡುಕುವುದು ಅನ್ಯಾಯ. ಎದುರಿಗಿದ್ದವರು ಪ್ರತಿ ವಾರ ತಮ್ಮ ಸಮಬಲರ ಜತೆ ಲೀಗ್ ಆಡುವವರು. ನಮ್ಮವರಿಗೆ ವರ್ಷವರ್ಷವೂ ನಿಲ್ಲದೆ ನಡೆಯುವ ಮಹಿಳಾ ಲೀಗ್ ಒಂದು ಇನ್ನೂ ನೆಲೆ ನಿಂತಿಲ್ಲ. ರೈಲ್ವೆ ಕೊಟ್ಟದ್ದು ಬದುಕಿನ ಭದ್ರತೆ. ಪೈಪೋಟಿಯನ್ನು ಒಂದೇ ಸಂಸ್ಥೆ ಕೊಡಲಾಗದು. ಒಳ್ಳೆಯವರೆಲ್ಲ ಒಂದೇ ತಂಡದಲ್ಲಿ ಸೇರಿದಾಗ ಅವರ ಬೆವರಿಳಿಸುವ ಎದುರಾಳಿ ದೇಶದೊಳಗೆ ಸಿಗುವುದು ಕಷ್ಟ.

ಇದಕ್ಕೆ ಪರಿಹಾರವಿದೆ ಎಂಬುದನ್ನು ಕ್ರಿಕೆಟ್ ತೋರಿಸಿಕೊಟ್ಟಿದೆ. ಮಿಥಾಲಿ ರಾಜ್ ಅವರ ತಲೆಮಾರಿನ ಮಹಿಳಾ ಕ್ರಿಕೆಟಿಗರನ್ನು ಉಳಿಸಿದ್ದೂ ರೈಲ್ವೆಯೇ. ಆ ಅಡಿಪಾಯದ ಮೇಲೆ ಕ್ರಿಕೆಟ್ ಮಂಡಳಿಯ ವಾರ್ಷಿಕ ಗುತ್ತಿಗೆ ಬಂತು. 2022ರಲ್ಲಿ ಪುರುಷರಷ್ಟೇ ಪಂದ್ಯ ಶುಲ್ಕ ನಿಗದಿಯಾಯಿತು. 2023ರಲ್ಲಿ ಮಹಿಳಾ ಪ್ರೀಮಿಯರ್ ಲೀಗ್ ಶುರುವಾದಾಗ ಸಾಂಗ್ಲಿಯಲ್ಲಿ ಬೆಳೆದ ಸ್ಮೃತಿ ಮಂದಾನ 3.40 ಕೋಟಿ ರೂಪಾಯಿಗೆ ಬೆಂಗಳೂರಿಗೆ ಬಂದರು; ಮರುವರ್ಷ ಆರ್‌ಸಿಬಿ ಕಪ್ ಎತ್ತಿದಾಗ ನಮ್ಮ ಬೀದಿಗಳಲ್ಲಿ ಪಟಾಕಿ ಸಿಡಿದವು. ಮೊದಲು ಸಂಬಳ, ಆಮೇಲೆ ಲೀಗ್, ಅದರ ಬೆನ್ನಿಗೇ ಜನ. ಜನ ಬರಲಿ, ಆಮೇಲೆ ಸಂಬಳ ನೋಡೋಣ ಎಂದು ಕಾಯುತ್ತಾ ಕೂತಿದ್ದರೆ ಆ ಕಪ್ ಬರುತ್ತಿರಲಿಲ್ಲ.

ಬ್ಯಾಸ್ಕೆಟ್‌ಬಾಲ್‌ಗೆ ಕೋಟಿಗಳ ಹರಾಜು ಈಗಲೇ ಬೇಕಿಲ್ಲ. ಬೆಂಗಳೂರು, ಪುಣೆ, ಚೆನ್ನೈ, ಕೊಚ್ಚಿಯಂಥ ಆರೆಂಟು ಊರುಗಳಲ್ಲಿ ಬ್ಯಾಂಕು, ಕಾರ್ಖಾನೆ, ಸಾಫ್ಟ್‌ವೇರ್ ಕಂಪನಿಗಳು ತಲಾ ಹನ್ನೆರಡು ಹೆಣ್ಣುಮಕ್ಕಳನ್ನು ಕಾಯಂ ನೌಕರಿಗೆ ತೆಗೆದುಕೊಂಡರೆ ಒಟ್ಟು ನೂರಕ್ಕೂ ಕಡಿಮೆ ಹುದ್ದೆ. ಆ ತಂಡಗಳು ವರ್ಷಕ್ಕೆ ನಾಲ್ಕು ತಿಂಗಳು ತಮ್ಮತಮ್ಮೂರಿನ ಅಂಕಣಗಳಲ್ಲಿ ಪರಸ್ಪರ ಆಡಿದರೆ ಅದೇ ಒಂದು ಲೀಗ್. ಸಂಸ್ಥೆಗಳಿಗೆ ಇದು ದೊಡ್ಡ ಖರ್ಚಲ್ಲ. ಕ್ರೀಡಾ ನಿಲಯದಲ್ಲಿ ಮುಂಜಾನೆ ಐದಕ್ಕೆ ಎದ್ದು ಓಡುವ ಹುಡುಗಿಯ ತಂದೆ ತಾಯಿ ಕೇಳುವುದು ಒಂದೇ ಮಾತು: ಇದರಿಂದ ಮುಂದೆ ಏನಾದರೂ ಆಗುತ್ತದೆಯೇ? ರೈಲ್ವೆ ಇಷ್ಟು ಕಾಲ ಬಹುಮಟ್ಟಿಗೆ ಒಂಟಿಯಾಗಿ ಹೌದು ಎನ್ನುತ್ತಾ ಬಂದಿದೆ. ಅದರ ಜತೆ ಇನ್ನು ಏಳೆಂಟು ಸಂಸ್ಥೆಗಳು ಹೌದು ಎಂದ ವರ್ಷದಿಂದ ಭಾರತದ ಮಹಿಳಾ ವೃತ್ತಿಪರ ಬ್ಯಾಸ್ಕೆಟ್‌ಬಾಲ್‌ನ ಚರಿತ್ರೆ ಆರಂಭವಾಗುತ್ತದೆ.